ಮನೆಯಲ್ಲೇ ಸೈಕಲ್ ರಿಪೇರಿ: ಯಾವ ಟೂಲು ಕೊಳ್ಳಬೇಕು, ಯಾವುದನ್ನು ಎರವಲು ತರಬೇಕು, ಯಾವ ಕೆಲಸ ಅಂಗಡಿಗೇ ಬಿಡಬೇಕು

ಬೆಂಗಳೂರಲ್ಲಿ ಗೇರ್ ಸೈಕಲ್ ಇಟ್ಟುಕೊಂಡವರ ತಾಪತ್ರಯ ಹೆಚ್ಚುಕಮ್ಮಿ ಒಂದೇ. ಬ್ರೇಕ್ ಕಿರುಗುಟ್ಟುತ್ತದೆ, ಗೇರ್ ಬದಲಿಸಿದರೆ ಚೈನು ಕಟಕಟ ಅನ್ನುತ್ತದೆ. ಇಷ್ಟಕ್ಕೆ ಷೋರೂಮಿಗೆ ಒಯ್ದರೆ ‘ಫುಲ್ ಸರ್ವಿಸ್ ಮಾಡಿಸಿಬಿಡಿ ಸರ್’ ಅನ್ನುತ್ತಾರೆ, ಶನಿವಾರ ಕೊಡುತ್ತೇವೆ ಅಂದ ಸೈಕಲ್ ಮಂಗಳವಾರ ಕೈಗೆ ಬರುತ್ತದೆ. ರಸ್ತೆ ಮೂಲೆಯ ಪಂಕ್ಚರ್ ಅಂಗಡಿಯಲ್ಲಿ ಕೆಲಸ ನಿಂತ ಕಾಲಲ್ಲೇ ಆಗುತ್ತದೆ, ಆದರೆ ಗೇರ್ ಸೈಕಲ್ಲಿನ ಟೂಲು ಅಲ್ಲಿ ಇರುವುದು ಅಪರೂಪ. ಯೂಟ್ಯೂಬ್ ನೋಡಿ ಎಲ್ಲವನ್ನೂ ನಾವೇ ಮಾಡೋಣ ಅಂತ ಹೊರಟವರು ವರ್ಷಕ್ಕೊಮ್ಮೆ ಬೇಕಾಗುವ ಟೂಲಿಗೆ ದುಡ್ಡು ಸುರಿದು, ಕೊನೆಗೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ ಕಿತ್ತುಕೊಂಡು ಮತ್ತೆ ಅಂಗಡಿಗೇ ಹೋಗುತ್ತಾರೆ.

ಕೂಲಿ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುತ್ತಾ ಕೂತರೆ ಇದು ಬಗೆಹರಿಯುವುದಿಲ್ಲ. ಕೇಳಿಕೊಳ್ಳಬೇಕಾದ್ದು ಎರಡೇ: ಈ ಕೆಲಸ ವರ್ಷಕ್ಕೆ ಎಷ್ಟು ಸಲ ಬರುತ್ತದೆ, ಮತ್ತು ಕೈ ತಪ್ಪಿದರೆ ಹಾಳಾಗುವುದು ಬದಲಿಸಬಹುದಾದ ಸಣ್ಣ ಸಾಮಾನೋ ಅಥವಾ ಫ್ರೇಮೋ. ತಿಂಗಳು ತಿಂಗಳು ಬರುವ ಕೆಲಸಕ್ಕೆ ಟೂಲು ಸ್ವಂತಕ್ಕೆ ಇರಲಿ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕೆ ಎರವಲು ತಂದರೆ ಸಾಕು. ತಪ್ಪಾದರೆ ಫ್ರೇಮಿಗೇ ಕುತ್ತು ಬರುವ ಕೆಲಸವನ್ನು ಎಷ್ಟು ಧೈರ್ಯವಿದ್ದರೂ ಅಂಗಡಿಗೇ ಕೊಡಿ.

ಮೊದಲು ನಿಮ್ಮ ಸೈಕಲ್ ಯಾವುದು ನೋಡಿ

ಟಯರಿನ ಪಕ್ಕದಲ್ಲಿ 40-635, 50-559, 28-622 ಹೀಗೆ ಒಂದು ಜೋಡಿ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. ಅಂಗಡಿಗೆ ಹೋಗುವ ಮುಂಚೆ ಇದರ ಫೋಟೋ ತೆಗೆದುಕೊಂಡು ಹೋಗಿ. ಬರೀ ‘26 ಇಂಚಿನ ಟಯರ್ ಕೊಡಿ’ ಅಂದರೆ ಎಡವಟ್ಟಾಗುತ್ತದೆ: ಎಂಟಿಬಿಯ (ಮೌಂಟನ್ ಬೈಕಿನ) 26 × 1.95 ಕೂರುವುದು 559 ರಿಮ್ಮಿಗೆ, ಹಳೆಯ ಲೇಡೀಸ್ ಸೈಕಲ್ಲಿನ 26 × 1 3/8 ಕೂರುವುದು 590ಕ್ಕೆ. ಒಂದರದ್ದು ಇನ್ನೊಂದಕ್ಕೆ ಏನು ಮಾಡಿದರೂ ಆಗದು. ಹಾಲು, ಹೂವು ಸಾಗಿಸುವ ದೊಡ್ಡ ಸೈಕಲ್ಲಿನ 28 × 1 1/2 ಅಂದರೆ 635. ಆದರೆ ಹೈಬ್ರಿಡ್ ಸೈಕಲ್ಲಿನ 700ಸಿ ಮತ್ತು ಎಂಟಿಬಿಯ 29 ಇಂಚು ಹೆಸರಿಗೆ ಮಾತ್ರ ಬೇರೆ, ರಿಮ್ಮು ಎರಡಕ್ಕೂ 622.

ವಾಲ್ವ್ ಕೂಡ ನೋಡಿಕೊಳ್ಳಿ. ಬೈಕ್, ಕಾರಿನಂತೆ ದಪ್ಪಗಿದ್ದರೆ ಶ್ರೇಡರ್, ಪೆಟ್ರೋಲ್ ಬಂಕಿನಲ್ಲೇ ಗಾಳಿ ಹಿಡಿಸಬಹುದು. ಸಣ್ಣಗೆ ಉದ್ದಕ್ಕಿದ್ದು ತುದಿಯಲ್ಲಿ ಪುಟ್ಟ ನಟ್ಟಿದ್ದರೆ ಪ್ರೆಸ್ಟಾ, ಇದಕ್ಕೆ ಬಂಕಿನಲ್ಲಿ ಹಿತ್ತಾಳೆಯ ಅಡಾಪ್ಟರ್ ಬೇಕು. ಅಡಾಪ್ಟರ್ ಬೆಲೆ ಏನೂ ಇಲ್ಲ, ಎರಡು ತಂದು ಒಂದನ್ನು ಸೀಟಿನ ಕೆಳಗಿನ ಬ್ಯಾಗಿಗೆ ಹಾಕಿಡಿ. ದೊಡ್ಡ ಸೈಕಲ್ಲಿನದು ಡನ್ಲಪ್ ವಾಲ್ವ್. ಇದರಲ್ಲಿ ಗಾಳಿ ನಿಲ್ಲದಿದ್ದರೆ ಟ್ಯೂಬಿಗೆ ಕೈ ಹಾಕುವ ಮುಂಚೆ ಒಳಗಿನ ಚಿಕ್ಕ ರಬ್ಬರ್ ಕೊಳವೆ ಬದಲಿಸಿ ನೋಡಿ. ಅದು ಬಿಸಿಲಿಗೆ ಒಣಗಿ ಸೀಳುವುದೇ ಹೆಚ್ಚು.

ಸ್ವಂತಕ್ಕೆ ಇಟ್ಟುಕೊಳ್ಳಬೇಕಾದ ಟೂಲು

ಗೇಜ್ ಇರುವ ನೆಲದ ಪಂಪು. ಪ್ಲಾಸ್ಟಿಕ್ ಟಯರ್ ಲಿವರ್ ಎರಡು. ಪಂಕ್ಚರ್ ಕಿಟ್. 2 ರಿಂದ 8 ಎಂಎಂವರೆಗಿನ ಆಲನ್ ಕೀ ಸೆಟ್. 8, 10 ಮತ್ತು 15 ಎಂಎಂ ಸ್ಪ್ಯಾನರ್. ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಇಕ್ಕಳ, 12 ಇಂಚಿನ ಸ್ಟೀಲ್ ಸ್ಕೇಲು, ಚೈನಿನ ಎಣ್ಣೆ, ಹಳೇ ಬನಿಯನ್ ಬಟ್ಟೆ. ಇಷ್ಟರಲ್ಲೇ ವರ್ಷದ ಬಹುಪಾಲು ಕೆಲಸ ಮುಗಿಯುತ್ತದೆ.

ಆಲನ್ ಕೀಯಲ್ಲಿ ಮಾತ್ರ ಜುಗ್ಗತನ ಬೇಡ. ಅಗ್ಗದ ಕೀಯ ಮೂಲೆಗಳು ಮೆತ್ತಗಿದ್ದು, ಬೋಲ್ಟಿನ ಆರು ಮೂಲೆಯ ತೂತನ್ನು ದುಂಡಗೆ ಮಾಡಿಬಿಡುತ್ತವೆ. ಆಮೇಲೆ ಆ ಬೋಲ್ಟು ಬಿಚ್ಚಲು ಡ್ರಿಲ್ಲೇ ಗತಿ. ಟೌನ್ ಹಾಲ್ ಕಡೆಯಿಂದ ಕೆ.ಆರ್. ಮಾರ್ಕೆಟ್ ಕಡೆಗೆ ಹೋಗುವ ಎಸ್‌ಜೆಪಿ ರೋಡಿನ ಟೂಲ್ ಅಂಗಡಿಗಳಲ್ಲಿ ಟಪಾರಿಯಾದಂಥ ಒಳ್ಳೆಯ ಸೆಟ್ಟು ಸುಲಭವಾಗಿ ಸಿಗುತ್ತದೆ. ಭಾನುವಾರ ಅಲ್ಲಿ ಬಹುಪಾಲು ಬಾಗಿಲು ಹಾಕಿರುತ್ತದೆ. ಸೈಕಲ್ಲಿಗೇ ಅಂತ ಇರುವ ಫ್ರೀವೀಲ್ ಟೂಲು, ಕ್ರ್ಯಾಂಕ್ ಪುಲ್ಲರ್ ಅಂಥವನ್ನು ಅಲ್ಲಿ ಹುಡುಕುತ್ತಾ ಅಲೆಯಬೇಡಿ, ಅವು ಸೈಕಲ್ ಅಂಗಡಿಯ ಅಥವಾ ಆನ್‌ಲೈನಿನ ಸಾಮಾನು.

ಪಂಕ್ಚರ್: ಕಲಿತರೆ ಮೊದಲು ಇದನ್ನು ಕಲಿಯಿರಿ

ಮೂಲೆಯಲ್ಲೇ ಪಂಕ್ಚರ್ ಅಂಗಡಿ ಇರುವಾಗ ನಾವೇಕೆ ಹಾಕಿಕೊಳ್ಳಬೇಕು? ಪಂಕ್ಚರ್ ಆಗುವುದು ಬೆಳಗಿನ ಐದೂವರೆಗೆ, ನಂದಿ ಬೆಟ್ಟದ ದಾರಿಯಲ್ಲೋ ತುರಹಳ್ಳಿಯ ಜಾಲಿ ಮುಳ್ಳಿನ ಮೇಲೋ. ಅಂಗಡಿ ತೆಗೆಯುವುದು ಒಂಬತ್ತಕ್ಕೆ.

1. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಪಲ್ಲಿಗೆ (ಹಿಂದಿನ ಹಲ್ಲಿನ ಚಕ್ರಕ್ಕೆ) ತಂದು, ಬ್ರೇಕ್ ಕೇಬಲ್ ಸಡಿಲಿಸಿ, ಆಮೇಲೆ ಚಕ್ರ ಬಿಚ್ಚಿ. ದೊಡ್ಡ ಸೈಕಲ್ಲಿನಲ್ಲಿ ಚೈನ್ ಕವರ್, ಸ್ಟ್ಯಾಂಡು, ಕ್ಯಾರಿಯರ್ ಎಲ್ಲ ಒಂದೇ ಆಕ್ಸಲಿಗೆ ಸಿಕ್ಕಿರುತ್ತವೆ. ಅಲ್ಲಿ ಚಕ್ರ ಬಿಚ್ಚಲು ಹೋಗಬೇಡಿ. ಟಯರಿನ ಒಂದೇ ಅಂಚು ಎಬ್ಬಿಸಿ, ಬೇಕಾದಷ್ಟೇ ಟ್ಯೂಬು ಹೊರಗೆಳೆದು ಪ್ಯಾಚ್ ಹಾಕಿ. ರಸ್ತೆ ಬದಿಯವರು ಮಾಡುವುದೂ ಹೀಗೆಯೇ.

2. ಗಾಳಿ ಪೂರ್ತಿ ಬಿಟ್ಟು, ಟಯರಿನ ಅಂಚನ್ನು ಸುತ್ತಲೂ ಹೆಬ್ಬೆರಳಿನಿಂದ ರಿಮ್ಮಿನ ನಡುವಿನ ತಗ್ಗಿಗೆ ತಳ್ಳಿ. ಈ ಒಂದು ಹೆಜ್ಜೆ ಬಿಟ್ಟವರಿಗೇ ಟಯರ್ ಬಿಗಿ ಅನ್ನಿಸುವುದು. ವಾಲ್ವಿನ ಎದುರು ಬದಿಯಿಂದ ಲಿವರ್ ಹಾಕಿ ಎಬ್ಬಿಸಿ. ಸ್ಕ್ರೂಡ್ರೈವರ್ ಹಾಕಿದರೆ ಒಂದು ತೂತು ಮುಚ್ಚಲು ಹೋಗಿ ಇನ್ನೆರಡು ಮಾಡಿಕೊಳ್ಳುತ್ತೀರಿ.

3. ಟ್ಯೂಬನ್ನು ಪೂರ್ತಿ ಬೇರೆ ಮಾಡುವ ಮುಂಚೆ ಟಯರಿನ ಹೆಸರು ವಾಲ್ವಿನಿಂದ ಎಷ್ಟು ದೂರದಲ್ಲಿದೆ ಅಂತ ನೆನಪಿಟ್ಟುಕೊಳ್ಳಿ. ತೂತು ಟ್ಯೂಬಿನ ಎಲ್ಲಿದೆಯೋ ಟಯರಿನಲ್ಲಿ ಅದೇ ಜಾಗದಲ್ಲಿ ಚುಚ್ಚಿದ್ದು ಇನ್ನೂ ಇರುತ್ತದೆ.

4. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದ ಕಡೆ ಬಾಲ್‌ಪೆನ್ನಿನಲ್ಲಿ ಪ್ಯಾಚಿಗಿಂತ ದೊಡ್ಡದಾಗಿ ಗುಣಾಕಾರ ಚಿಹ್ನೆ ಹಾಕಿ. ಚಿಕ್ಕ ಗುರುತು ಹಾಕಿದರೆ ಉಜ್ಜುವಾಗಲೇ ಅಳಿಸಿಹೋಗುತ್ತದೆ.

5. ಒರೆಸಿ, ಒಣಗಿಸಿ, ಮರಳು ಕಾಗದದಿಂದ ಹೊಳಪು ಹೋಗುವ ತನಕ ಉಜ್ಜಿ. ಟ್ಯೂಬಿನ ಉದ್ದಕ್ಕೂ ಇರುವ ಅಚ್ಚಿನ ಗೆರೆ ಪ್ಯಾಚಿನ ಅಡಿಗೆ ಬರುವಂತಿದ್ದರೆ ಅದು ಸಮ ಆಗುವವರೆಗೂ ಉಜ್ಜಬೇಕು. ಇಲ್ಲದಿದ್ದರೆ ಆ ಗೆರೆಯ ಪಕ್ಕದಿಂದಲೇ ಗಾಳಿ ಹೋಗುತ್ತದೆ.

6. ಸಲ್ಯೂಷನ್ ತೆಳ್ಳಗೆ, ಪ್ಯಾಚಿಗಿಂತ ಅಗಲವಾಗಿ ಹಚ್ಚಿ, ಐದು ನಿಮಿಷ ಕಾಯಿರಿ. ಒದ್ದೆ ಹೊಳಪು ಹೋಗಿ ಮಂಕಾದ ಮೇಲಷ್ಟೇ ಪ್ಯಾಚು. ಬಿಟ್ಟುಹೋಗುವ ಪ್ಯಾಚುಗಳಲ್ಲಿ ಹೆಚ್ಚಿನವು ಒದ್ದೆ ಸಲ್ಯೂಷನ್ ಮೇಲೆ ಅಂಟಿಸಿದವು. ಬೇಗ ಒಣಗಲಿ ಅಂತ ಬಾಯಲ್ಲಿ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಪ್ಯಾಚಿನ ಬೆಳ್ಳಿ ಹಾಳೆ ಬಿಡಿಸಿ, ಬೆರಳು ತಾಗಿಸದೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ.

7. ಟಯರಿನ ಒಳಗಡೆ ಬಟ್ಟೆ ಆಡಿಸಿ. ಬರಿ ಬೆರಳು ಬೇಡ. ನಮ್ಮ ರಸ್ತೆಗಳಲ್ಲಿ ಮೊಳೆ, ಗಾಜಿಗಿಂತ ಹೆಚ್ಚು ಕಾಡುವುದು ಸವೆದ ಕಾರು, ಲಾರಿ ಟಯರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ. ಕಣ್ಣಿಗೆ ಬೀಳುವುದಿಲ್ಲ, ಬಟ್ಟೆಯ ನೂಲು ಸಿಕ್ಕಿಕೊಂಡಾಗಲೇ ಗೊತ್ತಾಗುವುದು. ಇಕ್ಕಳದಿಂದ ಕೀಳಿ.

8. ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗೆ ಸೇರಿಸಿ. ಟಯರನ್ನು ಕೈಯಿಂದಲೇ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ, ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ. ಎರಡೂ ಬದಿ ಟಯರ್ ಬಗ್ಗಿಸಿ, ಟ್ಯೂಬು ಎಲ್ಲಾದರೂ ಅಂಚಿನಡಿ ಸಿಕ್ಕಿದೆಯೇ ನೋಡಿದ ಮೇಲೆ ಪೂರ್ತಿ ಗಾಳಿ.

ತೂತಿನ ಜಾಗವೇ ಕಾರಣ ಹೇಳುತ್ತದೆ. ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಮ್ಮಿ ಇತ್ತು, ಹಂಪ್ ಅಥವಾ ಗುಂಡಿಯ ಅಂಚಿಗೆ ಹೊಡೆದು ಟ್ಯೂಬು ರಿಮ್ಮಿಗೆ ಚಚ್ಚಿದೆ. ತೂತು ರಿಮ್ಮಿನ ಕಡೆಗಿದ್ದರೆ ರಿಮ್ ಟೇಪು ಸರಿದು ಸ್ಪೋಕಿನ ತುದಿ ಚುಚ್ಚುತ್ತಿದೆ. ಟೇಪು ಬದಲಿಸದೆ ಹತ್ತು ಪ್ಯಾಚ್ ಹಾಕಿದರೂ ಪ್ರಯೋಜನವಿಲ್ಲ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ಕೂರುವುದಿಲ್ಲ, ಹೊಸ ಟ್ಯೂಬೇ ಹಾಕಿ. ಸಲ್ಯೂಷನ್ ಟ್ಯೂಬು ಒಮ್ಮೆ ತೆಗೆದರೆ ಕೆಲ ತಿಂಗಳಲ್ಲಿ ಒಳಗೇ ಒಣಗುತ್ತದೆ. ಆದ್ದರಿಂದ ದೊಡ್ಡದು ಒಂದರ ಬದಲು ಚಿಕ್ಕವು ಎರಡು ತನ್ನಿ.

ಗಾಳಿ ಎಷ್ಟು? 65-75 ಕೆಜಿ ತೂಕದವರಿಗೆ 25 ಎಂಎಂ ರೋಡ್ ಬೈಕ್ ಟಯರಿಗೆ 80-95 ಪಿಎಸ್‌ಐ, 35-40 ಎಂಎಂ ಹೈಬ್ರಿಡ್‌ಗೆ 50-65, 2 ಇಂಚಿನ ಎಂಟಿಬಿಗೆ 35-45 ಸಾಕು. ಟಯರಿನ ಮೇಲೆ ಬರೆದ ಗರಿಷ್ಠ ಮಿತಿ ದಾಟಬೇಡಿ. ಬಂಕಿನ ಕಂಪ್ರೆಸರಿನಲ್ಲಿ ಸೈಕಲ್ ಟ್ಯೂಬು ಕೆಲವೇ ಸೆಕೆಂಡಿನಲ್ಲಿ ತುಂಬುತ್ತದೆ. ತಾನಾಗಿ ನಿಲ್ಲುವ ಡಿಜಿಟಲ್ ಮೆಷಿನ್ ಇದ್ದರಷ್ಟೇ ಹಿಡಿಸಿ, ಇಲ್ಲವಾದರೆ ಒತ್ತಿ ತಕ್ಷಣ ಬಿಟ್ಟು ಒತ್ತಿ ಬಿಟ್ಟು ಹಾಕಲು ಹೇಳಿ.

ಚೈನು

ಚೈನಿನ ಒಂದೊಂದು ಪಿನ್ನಿನ ನಡುವೆ ಅರ್ಧ ಇಂಚು. ಅಂದರೆ ಒಂದು ಪಿನ್ನಿನ ಮೇಲೆ ಸ್ಕೇಲಿನ ಸೊನ್ನೆ ಇಟ್ಟರೆ ಅದನ್ನು ಬಿಟ್ಟು ಮುಂದಿನ 24ನೇ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಸವೆದಂತೆ ಅದು ಮುಂದೆ ಹೋಗುತ್ತದೆ. 12 ಇಂಚು ದಾಟಿ 1/16 ಇಂಚು ಹೋಗಿದ್ದರೆ ಚೈನು ಬದಲಿಸಿ, ಹಿಂದಿನ ಪಲ್ಲು ಉಳಿಯುತ್ತದೆ. 1/8 ಇಂಚು ಹೋಗಿದ್ದರೆ ಪಲ್ಲೂ ಸವೆದಿರುತ್ತದೆ. ಆಗ ಹೊಸ ಚೈನೊಂದನ್ನೇ ಹಾಕಿದರೆ ಒತ್ತಿ ತುಳಿದಾಗಲೆಲ್ಲ ಹಾರುತ್ತದೆ. ಇದಕ್ಕೆ ಚೈನ್ ಚೆಕ್ಕರ್ ಕೊಳ್ಳುವ ಅಗತ್ಯವಿಲ್ಲ, ಸ್ಕೂಲ್ ಬ್ಯಾಗಿನ ಸ್ಟೀಲ್ ಸ್ಕೇಲೇ ಸಾಕು.

ಎಣ್ಣೆ ಹಾಕುವ ಕ್ರಮ ಹೀಗೆ: ಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಕೊಳೆ ಒರೆಸಿ. ಕೆಳಗಿನ ಚೈನಿನ ಒಳಬದಿಗೆ, ಒಂದೊಂದು ರೋಲರ್ ಮೇಲೆ ಒಂದೊಂದು ಹನಿ. ಹತ್ತಿಪ್ಪತ್ತು ಸುತ್ತು ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹೊರಗೆ ಉಳಿದಿದ್ದನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಿರುವುದು ರೋಲರ್ ಒಳಗೆ. ಹೊರಗೆ ಉಳಿದ ಜಿಡ್ಡಿಗೆ ನಮ್ಮ ಕೆಂಪು ಧೂಳು ಅಂಟಿ, ಚೈನನ್ನು ಉಪ್ಪುಕಾಗದದಂತೆ ಅರೆಯುತ್ತದೆ. ಕೊಬ್ಬರಿ ಎಣ್ಣೆ, ಬೈಕಿನ ಹಳೇ ಇಂಜಿನ್ ಆಯಿಲ್ ಎರಡೂ ಬೇಡ. ಸಾಮಾನ್ಯ ಡಬ್ಲ್ಯುಡಿ-40 ತುಕ್ಕು ಬಿಡಿಸಲು, ಕೊಳೆ ತೊಳೆಯಲು ಚೆನ್ನ, ಆದರೆ ಬೇಗ ಆರಿಹೋಗುತ್ತದೆ, ಅದನ್ನೇ ಎಣ್ಣೆ ಅಂದುಕೊಂಡರೆ ಚೈನು ಒಣಗಿಕೊಂಡೇ ಓಡುತ್ತದೆ. ಮಳೆಯಲ್ಲಿ ನೆನೆದ ದಿನ ಸಂಜೆಯೇ ಒರೆಸಿ ಎಣ್ಣೆ ಹಾಕಬೇಕು. ಬೆಳಗ್ಗೆಗೆ ಬಿಟ್ಟರೆ ತುಕ್ಕಿನ ಬಣ್ಣ ಬಂದಿರುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಿಗೆ ಸ್ಪ್ರೇ ಎಣ್ಣೆ ಬೇಡವೇ ಬೇಡ. ಡಿಸ್ಕಿಗೆ ಒಂದು ಹನಿ ಸಿಡಿದರೂ ಬ್ರೇಕ್ ಹಿಡಿಯದೆ ಕೂಗುತ್ತದೆ, ಪ್ಯಾಡ್ ಬದಲಿಸುವವರೆಗೂ ಸರಿಹೋಗದಿರಬಹುದು.

ಹೊಸ ಚೈನು ತರುವಾಗ ಹಿಂದೆ ಎಷ್ಟು ಪಲ್ಲಿನ ಚಕ್ರ ಇದೆ ಎಣಿಸಿ ಹೇಳಿ. 6, 7, 8 ಸ್ಪೀಡಿಗೆ ಒಂದೇ ಚೈನು ನಡೆಯುತ್ತದೆ. 9ರಿಂದ ಮೇಲೆ ಒಂದೊಂದಕ್ಕೂ ಬೇರೆ. ಗೇರ್ ಇಲ್ಲದ್ದಕ್ಕೆ ಅಗಲದ ಚೈನು. ಹಳೆಯದರ ಲಿಂಕ್ ಎಣಿಸಿ ಹೊಸದನ್ನು ಅಷ್ಟಕ್ಕೇ ಕತ್ತರಿಸಿ. ಅಕ್ಕಪಕ್ಕ ನೇತುಹಾಕಿ ಅಳೆದರೆ ಹಳೆಯದು ಹಿಗ್ಗಿರುವುದರಿಂದ ಲೆಕ್ಕ ತಪ್ಪಬಹುದು. ದೊಡ್ಡ ಸೈಕಲ್ಲಿನ ಚೈನ್ ಲಾಕಿಗೆ ಮೀನಿನಾಕಾರದ ಕ್ಲಿಪ್ ಇರುತ್ತದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು, ತಿರುಗಿಸಿ ಹಾಕಿದರೆ ಎಲ್ಲೋ ತಗುಲಿ ಹಾರಿಹೋಗುತ್ತದೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಚೈನು ನಡುವೆ ಸುಮಾರು ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಪೂರ್ತಿ ಬಿಗಿದರೆ ಬೇರಿಂಗ್ ಸವೆಯುತ್ತದೆ.

ಬ್ರೇಕು

ಜೂನ್‌ನಿಂದ ಅಕ್ಟೋಬರ್‌ವರೆಗೆ ಬ್ರೇಕ್ ರಬ್ಬರು ಬೇಸಿಗೆಗಿಂತ ಬೇಗ ಸವೆಯುತ್ತದೆ. ರಿಮ್ಮಿಗೆ ಹತ್ತಿದ ಕೆಸರು ಮರಳೇ ಕಾರಣ. ರಬ್ಬರಿನಲ್ಲಿರುವ ಗೀರು ಮಾಯವಾಗಿದ್ದರೆ ಬದಲಿಸಿ. ಸವೆಯದಿದ್ದರೂ ಒಮ್ಮೆ ಬಿಚ್ಚಿ ನೋಡಿ: ಅಲ್ಯುಮಿನಿಯಂ ಚೂರು ಹೊಳೆಯುತ್ತಾ ಚುಚ್ಚಿಕೊಂಡಿರುತ್ತವೆ, ಸೂಜಿಯಿಂದ ಕಿತ್ತು ಮರಳು ಕಾಗದ ಹಾಕಿ. ಕರಕರ ಶಬ್ದದ ಮೂಲ ಅಲ್ಲೇ.

ವಿ-ಬ್ರೇಕಿನ ರಬ್ಬರು ಕೂರಿಸುವಾಗ ಅದು ರಿಮ್ಮಿನ ಮೇಲಂಚಿಗಿಂತ 1-2 ಎಂಎಂ ಕೆಳಗಿರಲಿ. ಮೇಲೆ ಹೋದರೆ ಟಯರನ್ನೇ ಕೊಯ್ಯುತ್ತದೆ, ಕೆಳಗಿಳಿದರೆ ಜಾರಿ ಸ್ಪೋಕಿಗೆ ಸಿಕ್ಕುತ್ತದೆ. ರಬ್ಬರಿನ ಹಿಂದಿನ ತುದಿಗೆ ವಿಸಿಟಿಂಗ್ ಕಾರ್ಡ್ ಮಡಚಿ ಸಿಕ್ಕಿಸಿ, ಬ್ರೇಕ್ ಹಿಡಿದು ಬೋಲ್ಟು ಬಿಗಿದರೆ ಮುಂದಿನ ತುದಿ ಒಂದು ಎಂಎಂ ಮೊದಲು ತಾಗುವಂತೆ ಕೂರುತ್ತದೆ. ಕೀಚಲು ಶಬ್ದ ಇದರಿಂದಲೇ ನಿಲ್ಲುತ್ತದೆ. ಒಂದು ಬದಿ ಮಾತ್ರ ಉಜ್ಜುತ್ತಿದ್ದರೆ ತೋಳಿನ ಬುಡದ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಉಜ್ಜುವ ಬದಿಯದನ್ನು ಒಳಕ್ಕೆ.

ಲಿವರ್ ಹ್ಯಾಂಡಲಿಗೆ ತಾಗುವಷ್ಟು ಬಂದರೆ ಮೊದಲು ಲಿವರ್ ಪಕ್ಕದ ಬ್ಯಾರಲ್ (ಕೇಬಲ್ಲಿನ ಬಿಗಿ ಹೆಚ್ಚುಕಮ್ಮಿ ಮಾಡುವ ತಿರುಪು) ಬಿಡಿಸಿ ನೋಡಿ. ಸಾಲದಿದ್ದರೆ ಬ್ಯಾರಲನ್ನು ಪೂರ್ತಿ ಒಳಗೆ ಹಾಕಿ, 5 ಎಂಎಂ ಆಲನ್ ಕೀಯಲ್ಲಿ ಕೇಬಲ್ ಬೋಲ್ಟು ಸಡಿಲಿಸಿ, ಇಕ್ಕಳದಿಂದ ಕೇಬಲ್ ಎಳೆದು ಮತ್ತೆ ಬಿಗಿಯಿರಿ. ಆಮೇಲೆ ಲಿವರನ್ನು ಎರಡೂ ಕೈಯಲ್ಲಿ ಹತ್ತು ಸಲ ಜೋರಾಗಿ ಹಿಡಿಯಿರಿ. ಕೇಬಲ್ ಜಾರುವುದಿದ್ದರೆ ಮನೆಯಲ್ಲೇ ಜಾರಲಿ, ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಬೇಡ.

ಕೇಬಲ್ ಕೊಳ್ಳುವಾಗ ಒಂದು ಎಚ್ಚರ. ಬ್ರೇಕಿನ ಒಳಗಿನ ತಂತಿ ಸುಮಾರು 1.5-1.6 ಎಂಎಂ, ಗೇರಿನದು 1.1-1.2. ಹೊರಕವಚವೂ ಬೇರೆ: ಬ್ರೇಕಿನದರಲ್ಲಿ ಉಕ್ಕು ಸುರುಳಿ ಸುತ್ತಿರುತ್ತದೆ, ಗೇರಿನದರಲ್ಲಿ ತಂತಿಗಳು ಉದ್ದಕ್ಕೆ ಇರುತ್ತವೆ. ಗೇರಿನ ಕವಚವನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಹಿಡಿದಾಗ ಸೀಳಿಹೋಗಬಹುದು. ‘ಎರಡೂ ಒಂದೇ ಸರ್’ ಅಂತ ಯಾರು ಹೇಳಿದರೂ ಒಪ್ಪಬೇಡಿ.

ಗೇರು: ಹೆಚ್ಚು ಜನ ಕೆಡಿಸಿಕೊಳ್ಳುವ ಜಾಗ

ನಿನ್ನೆವರೆಗೆ ಚೆನ್ನಾಗಿದ್ದ ಗೇರು ಇವತ್ತು ತಡಬಡಿಸಿದರೆ ಎಚ್, ಎಲ್ ಅಂತ ಗುರುತಿರುವ ಸ್ಕ್ರೂಗಳನ್ನು ಮುಟ್ಟಬೇಡಿ. ಅವು ಚೈನು ಎರಡು ಕೊನೆ ದಾಟದಂತೆ ತಡೆಯುವ ಮಿತಿ ಅಷ್ಟೇ, ತಾವಾಗಿ ಕೆಡುವುದಿಲ್ಲ. ಎಲ್ ಸ್ಕ್ರೂ ಸಡಿಲಿಸಿ ಬಿಟ್ಟರೆ ಏರು ಹತ್ತುವಾಗ ಚೈನು ದೊಡ್ಡ ಪಲ್ಲು ದಾಟಿ ಸ್ಪೋಕಿನೊಳಗೆ ಬೀಳುತ್ತದೆ, ಡಿರೇಲರ್ (ಚೈನನ್ನು ಪಲ್ಲಿನಿಂದ ಪಲ್ಲಿಗೆ ಸರಿಸುವ ಭಾಗ) ಮುರಿಯುತ್ತದೆ.

ಕೆಟ್ಟಿರುವುದು ಸಾಮಾನ್ಯವಾಗಿ ಕೇಬಲ್ಲಿನ ಬಿಗಿ. ಚೈನನ್ನು ಅತಿ ಚಿಕ್ಕ ಪಲ್ಲಿಗೆ ತನ್ನಿ. ಪೆಡಲ್ ತಿರುಗಿಸುತ್ತಾ ಒಂದು ಕ್ಲಿಕ್ ಒತ್ತಿ. ದೊಡ್ಡ ಪಲ್ಲಿಗೆ ಹತ್ತಲು ಮೀನಮೇಷ ಎಣಿಸಿದರೆ ಗೇರ್ ಕೇಬಲ್ಲಿನ ಬ್ಯಾರಲನ್ನು ಬಿಡಿಸುವ ದಿಕ್ಕಿಗೆ ಕಾಲು ಸುತ್ತು. ಹತ್ತಿ, ಇಳಿಯಲು ತಡ ಮಾಡಿದರೆ ಬಿಗಿಯುವ ದಿಕ್ಕಿಗೆ ಕಾಲು ಸುತ್ತು. ಒಂದೊಂದೇ ಪಲ್ಲಿಗೆ ಹೀಗೆ ನೋಡುತ್ತಾ ಹೋಗಿ. ಮೂರು ಸುತ್ತಾದರೂ ಸರಿಹೋಗದಿದ್ದರೆ ಬ್ಯಾರಲ್ ಬಿಡಿ, ಕಾರಣ ಬೇರೆ ಇದೆ. ಡಿರೇಲರಿಗೆ ಹೋಗುವ ಕೊನೆಯ ಬಾಗಿದ ಕವಚದೊಳಗೆ ಮಳೆ ನೀರು ಇಳಿದು ತುಕ್ಕು ಹಿಡಿದಿರಬಹುದು. ಆ ಒಂದು ಗೇಣಿನ ಕವಚ ಮತ್ತು ಒಳತಂತಿ ಬದಲಿಸಿದರೆ ಗೇರು ಹೊಸದರಂತಾಗುತ್ತದೆ. ಅದೂ ಅಲ್ಲದಿದ್ದರೆ ಸೈಕಲ್ ಹಿಂದೆ ನಿಂತು ನೋಡಿ. ಡಿರೇಲರಿನ ಎರಡು ಪುಟ್ಟ ಚಕ್ರಗಳು ಪಲ್ಲಿಗೆ ನೇರವಾಗಿ ಇರದೆ ಒಳಕ್ಕೆ ವಾಲಿದ್ದರೆ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಬಗ್ಗಿದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಪಕ್ಕದ ಸ್ಕೂಟರ್ ತಗುಲಿ ಬಲಬದಿಗೆ ಬಿದ್ದ ಸೈಕಲ್ಲಿಗೆಲ್ಲ ಇದೇ ಗತಿ. ಇದನ್ನು ನೇರ ಮಾಡುವ ಗೇಜು ಅಂಗಡಿಯಲ್ಲಿರುತ್ತದೆ, ಅಲ್ಲಿಗೇ ಒಯ್ಯಿರಿ. ಕೈಯಿಂದ ಬಗ್ಗಿಸಿದರೆ ಅಲ್ಯುಮಿನಿಯಂ ಹ್ಯಾಂಗರ್ ಲಟಕ್ಕನೆ ಮುರಿಯುತ್ತದೆ.

ಎರವಲು ತರಬೇಕಾದವು

ಚೈನ್ ಕಟರ್, ಕೇಬಲ್ ಕಟರ್, ಸ್ಪೋಕ್ ಕೀ, ಕ್ರ್ಯಾಂಕ್ ಪುಲ್ಲರ್, ಫ್ರೀವೀಲ್ ಟೂಲು, ಕ್ಯಾಸೆಟ್ ಲಾಕ್‌ರಿಂಗ್ ಟೂಲು ಮತ್ತು ಚೈನ್ ವಿಪ್, ಟಾರ್ಕ್ ರೆಂಚ್ (ಎಷ್ಟು ಬಿಗಿದಿದೆ ಅಂತ ಅಳೆಯುವ ಸ್ಪ್ಯಾನರ್). ಇವುಗಳಲ್ಲಿ ಯಾವುದೂ ಒಬ್ಬರಿಗೆ ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಹತ್ತು ಸೈಕಲ್ ಇರುವ ಅಪಾರ್ಟ್‌ಮೆಂಟಿನಲ್ಲಿ ಒಂದು ಸೆಟ್ ಧಾರಾಳ ಸಾಕು. ಖರ್ಚು ಹಂಚಿಕೊಂಡು, ಡಬ್ಬಿಯನ್ನು ಸೆಕ್ಯೂರಿಟಿ ರೂಮಿನಲ್ಲಿಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಫ್ಲಾಟ್ ನಂಬರ್, ತೆಗೆದುಕೊಂಡ ದಿನ ಬರೆಸಿ. ಡಬ್ಬಿಯ ಮುಚ್ಚಳದ ಒಳಗೆ ಎಲ್ಲ ಟೂಲಿನ ಫೋಟೋ ಅಂಟಿಸಿದರೆ ಯಾವುದು ವಾಪಸ್ ಬಂದಿಲ್ಲ ಅಂತ ತೆಗೆದ ತಕ್ಷಣ ಗೊತ್ತಾಗುತ್ತದೆ. ಕಳೆಯುವುದು ದೊಡ್ಡ ಟೂಲಲ್ಲ, ಸ್ಪೋಕ್ ಕೀ. ಅದಕ್ಕೊಂದು ಕೆಂಪು ರಿಬ್ಬನ್ ಕಟ್ಟಿಡಿ. 2015ರಲ್ಲಿ ಶುರುವಾದ ರಿಪೇರ್ ಕೆಫೆ ಬೆಂಗಳೂರಿನಂಥ ಕಡೆ, ಸ್ವಯಂಸೇವಕರ ಪಕ್ಕ ಕೂತು ನಮ್ಮ ಸಾಮಾನನ್ನು ನಾವೇ ಬಿಚ್ಚುವ ರೂಢಿ ಇದೆ. ಟೂಲು ಹಿಡಿಯುವ ಭಯ ಹೋಗಲು ಅಂಥ ಒಂದು ಬೆಳಗ್ಗೆ ಸಾಕು.

ಪಂಕ್ಚರ್ ಅಂಗಡಿಯವರನ್ನು ಟೂಲು ಮನೆಗೆ ಕೊಡಿ ಅಂತ ಕೇಳಬೇಡಿ. ಅದು ಅವರ ಅನ್ನದ ಸಾಮಾನು. ‘ಅಣ್ಣಾ, ಇಲ್ಲೇ ಕೂತು ಎರಡು ನಿಮಿಷ ಬಳಸಿ ಕೊಡ್ತೀನಿ’ ಅಂದರೆ ಬಹುತೇಕ ಇಲ್ಲ ಅನ್ನುವುದಿಲ್ಲ. ಕೆಲಸ ಮುಗಿದ ಮೇಲೆ ಒಂದಿಷ್ಟು ಕೊಟ್ಟು ಬನ್ನಿ.

ಎರವಲು ಟೂಲಿನಲ್ಲಿ ಎಡವಟ್ಟು ಆಗುವುದು ಮುಖ್ಯವಾಗಿ ಮೂರು ಕಡೆ.

ಪೆಡಲು. ಎಡ ಪೆಡಲಿನ ಥ್ರೆಡ್ ಉಲ್ಟಾ. ಸೈಕಲ್ ಮೇಲೆ ಇರುವಾಗ ಎರಡೂ ಪೆಡಲನ್ನು ಬಿಚ್ಚಲು 15 ಎಂಎಂ ಸ್ಪ್ಯಾನರನ್ನು ಮೇಲ್ಮುಖವಾಗಿ ಹಾಕಿ ಹಿಂದಿನ ಚಕ್ರದ ಕಡೆಗೆ ತಿರುಗಿಸಬೇಕು. ಇದೊಂದು ನೆನಪಿದ್ದರೆ ಸಾಕು. ಪೆಡಲಿನ ತುದಿಯಲ್ಲಿ ಆರ್, ಎಲ್ ಅಂತ ಇರುತ್ತದೆ. ಹಾಕುವಾಗ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತು ಬೆರಳಿನಲ್ಲೇ ಹೋಗಬೇಕು. ಬೆರಳಿಗೆ ಬಗ್ಗದಿದ್ದರೆ ಸೊಟ್ಟ ಕೂತಿದೆ, ಸ್ಪ್ಯಾನರ್ ಹಾಕಿದರೆ ಕ್ರ್ಯಾಂಕ್ ಥ್ರೆಡ್ ಹೋಯಿತು.

ಕ್ರ್ಯಾಂಕು. ಚೌಕ ಆಕ್ಸಲಿನ ಕ್ರ್ಯಾಂಕ್ ಬಿಚ್ಚಲು ಮೊದಲು ನಡುವಿನ ಬೋಲ್ಟು ತೆಗೆಯಿರಿ. ಅದು ಸಾಮಾನ್ಯವಾಗಿ 14 ಎಂಎಂ ಸಾಕೆಟ್ ಅಥವಾ 8 ಎಂಎಂ ಆಲನ್. ಟಾರ್ಚ್ ಬಿಟ್ಟು ಒಳಗೆ ನೋಡಿ, ವಾಷರ್ ಉಳಿದಿದ್ದರೆ ತೆಗೆಯಿರಿ. ಅದು ಉಳಿದರೆ ಪುಲ್ಲರ್ ಆಕ್ಸಲಿನ ಬದಲು ವಾಷರನ್ನೇ ಒತ್ತುತ್ತಾ ಥ್ರೆಡ್ಡನ್ನು ಹೊರಗೆ ಕಿತ್ತುಬಿಡುತ್ತದೆ. ಪುಲ್ಲರಿನ ನಡುವಿನ ಕಡ್ಡಿಯನ್ನು ಹಿಂದಕ್ಕೆ ಬಿಡಿಸಿಕೊಂಡು, ಹೊರಭಾಗವನ್ನು ಕೈಯಿಂದ ಕೊನೆಯವರೆಗೂ ತಿರುಗಿಸಿ ಕೂರಿಸಿ. ಎರಡು ಸುತ್ತಿಗೇ ನಿಂತರೆ ಬಿಚ್ಚಿ ಥ್ರೆಡ್ ಸ್ವಚ್ಛ ಮಾಡಿ ಮತ್ತೆ ಹಾಕಿ. ಆಮೇಲಷ್ಟೇ ಕಡ್ಡಿ ಬಿಗಿಯುತ್ತಾ ಹೋಗಿ. ವಾಪಸ್ ಹಾಕುವಾಗ ಬೋಲ್ಟಿಗೆ ಟಾರ್ಕ್ ರೆಂಚಿನಲ್ಲಿ 35-40 ನ್ಯೂಟನ್ ಮೀಟರ್ ಬಿಗಿ.

ಫ್ರೀವೀಲು, ಅಂದರೆ ಹಿಂದಿನ ಪಲ್ಲುಗಳ ಗುಚ್ಛ. ನಾವು ತುಳಿದಷ್ಟೂ ಇದು ಬಿಗಿಯಾಗುತ್ತಾ ಹೋಗಿರುತ್ತದೆ, ಆದ್ದರಿಂದ ಕೈ ಸ್ಪ್ಯಾನರಿಗೆ ಬಗ್ಗುವುದಿಲ್ಲ. ಟೂಲನ್ನು ಕೂರಿಸಿ, ಜಾರದಂತೆ ಮೇಲೆ ಆಕ್ಸಲ್ ನಟ್ಟು ಹಾಕಿ, ಟೂಲನ್ನು ವೈಸಿನಲ್ಲಿ ಹಿಡಿಸಿ ಇಡೀ ಚಕ್ರವನ್ನು ಸ್ಟೀರಿಂಗಿನಂತೆ ಎಡಕ್ಕೆ ತಿರುಗಿಸಿ. ಅಲುಗಿದ ಕೂಡಲೇ ನಟ್ಟು ಸಡಿಲಿಸಬೇಕು. ಮನೆಯಲ್ಲಿ ವೈಸ್ ಇಲ್ಲದವರು ಚಕ್ರವನ್ನು ಹತ್ತಿರದ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಒಂದು ನಿಮಿಷದ ಕೆಲಸ.

ಚಕ್ರದ ಸಣ್ಣ ಬೆಂಡನ್ನೂ ಎರವಲು ಸ್ಪೋಕ್ ಕೀಯಲ್ಲಿ ತೆಗೆಯಬಹುದು. ಸೈಕಲ್ ತಲೆಕೆಳಗು ಮಾಡಿ, ಬ್ರೇಕ್ ರಬ್ಬರನ್ನೇ ಅಳತೆಗೋಲು ಮಾಡಿಕೊಂಡು ಚಕ್ರ ತಿರುಗಿಸಿ. ಎಡಕ್ಕೆ ಉಜ್ಜುವ ಕಡೆ, ಬಲ ಬದಿಯ ಸ್ಪೋಕನ್ನು ಕಾಲು ಸುತ್ತು ಬಿಗಿ, ಎಡದ್ದನ್ನು ಕಾಲು ಸುತ್ತು ಸಡಿಲ. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ಬೇಡ. 3 ಎಂಎಂಗಿಂತ ದೊಡ್ಡ ಬೆಂಡು, ಮೇಲೆ ಕೆಳಗೆ ಕುಣಿಯುವ ಚಕ್ರ, ಪದೇಪದೇ ಮುರಿಯುವ ಸ್ಪೋಕು, ಇವೆಲ್ಲ ಕೈಪಳಗಿದವರ ಕೆಲಸ. ದೊಡ್ಡ ಸೈಕಲ್ಲಿನ ಮುಂದಿನ 32, ಹಿಂದಿನ 40 ಸ್ಪೋಕನ್ನು ನೆಲದ ಮೇಲೆ ಕೂತು ಕಟ್ಟುವ ಹಳೇ ಮೇಸ್ತ್ರಿಗಳು ಪೇಟೆ ಕಡೆ ಇನ್ನೂ ಇದ್ದಾರೆ. ಎಷ್ಟೋ ಷೋರೂಮಿನ ಹುಡುಗರಿಗಿಂತ ಅವರ ಕೈ ನಿಖರ.

ಅಂಗಡಿಗೆ ಬಿಡುವ ಕೆಲಸ

ಕಾಟರ್ ಪಿನ್ ಇರುವ ಹಳೇ ಕ್ರ್ಯಾಂಕು, ರಾಡ್ ಬ್ರೇಕು, ದೊಡ್ಡ ಸೈಕಲ್ಲಿನ ಬೇರಿಂಗು ರಸ್ತೆ ಬದಿ ಅಂಗಡಿಯವರ ಮೂಲ ವಿದ್ಯೆ, ಅವರಿಗೇ ಕೊಡಿ. ಹೈಡ್ರಾಲಿಕ್ ಬ್ರೇಕಿನ ಗಾಳಿ ತೆಗೆಯುವುದು, ಒತ್ತಿ ಕೂರಿಸುವ ಹೆಡ್‌ಸೆಟ್ (ಹ್ಯಾಂಡಲ್ ಬುಡದ ಬೇರಿಂಗು), ಶಾಕ್ ಅಬ್ಸಾರ್ಬರ್, ಫ್ರೇಮಿನೊಳಗೆ ಕಚ್ಚಿಕೊಂಡ ಸೀಟ್ ಪೋಸ್ಟು ಇವಕ್ಕೆ ಗೇರ್ ಸೈಕಲ್ ಬಲ್ಲ ವರ್ಕ್‌ಶಾಪ್ ಬೇಕು. ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗು) ಕೂಡ ಅಲ್ಲಿಗೇ. ಸಾಮಾನ್ಯ ಥ್ರೆಡ್ಡಿನದರಲ್ಲಿ ಚೈನಿನ ಬದಿ ಉಲ್ಟಾ ಥ್ರೆಡ್, ತಪ್ಪು ದಿಕ್ಕಿಗೆ ಜೋರು ಮಾಡಿದರೆ ಹಾಳಾಗುವುದು ಫ್ರೇಮೇ. ಬಿರುಕು ಬಿಟ್ಟ ಅಲ್ಯುಮಿನಿಯಂ ಫ್ರೇಮನ್ನು ರಸ್ತೆ ಬದಿ ವೆಲ್ಡಿಂಗಿಗೆ ಒಯ್ಯಬೇಡಿ. ಅಂಟಿದಂತೆ ಕಂಡರೂ ಶಾಖಕ್ಕೆ ಪಕ್ಕದ ಲೋಹ ಬಲ ಕಳೆದುಕೊಂಡಿರುತ್ತದೆ.

ಬಿಡುವಾಗ ‘ಸರ್ವಿಸ್ ಮಾಡಿ’ ಅನ್ನದೆ ತೊಂದರೆ ಹೇಳಿ: ‘ಹಿಂದೆ ಎರಡನೇ ಪಲ್ಲಿನಲ್ಲಿ ಒತ್ತಿ ತುಳಿದರೆ ಹಾರುತ್ತೆ, ಚೈನು ಅಳೆದಿದ್ದೀನಿ, ಸವೆದಿಲ್ಲ.’ ಇಷ್ಟು ಕೇಳಿದರೆ ಎದುರಿಗಿರುವವರೂ ನೇರ ಮಾತಿಗೆ ಬರುತ್ತಾರೆ. ಕೂಲಿ ಎಷ್ಟು, ಪಾರ್ಟ್ಸ್ ಎಷ್ಟು ಬೇರೆ ಬೇರೆ ಕೇಳಿ. ಪಾರ್ಟು ನಾವೇ ತಂದರೆ ಹಾಕುತ್ತೀರಾ ಅಂತ ತರುವ ಮುಂಚೆ ಕೇಳಿ, ಕೆಲವರು ಒಪ್ಪುವುದಿಲ್ಲ, ಅದು ಅವರ ಲಾಭದ ಪ್ರಶ್ನೆ. ಬದಲಿಸಿದ ಹಳೇ ಪಾರ್ಟು ವಾಪಸ್ ಕೊಡಿ ಅಂತ ಮೊದಲೇ ಹೇಳಿಡಿ.

ಸೈಕಲ್ ಕೈಗೆ ಬಂದ ಮೇಲೆ ಅಂಗಡಿ ಮುಂದೆಯೇ ಐದು ನಿಮಿಷ ಕೊಡಿ. ಎರಡೂ ಚಕ್ರದ ನಟ್ಟು ಅಥವಾ ಕ್ವಿಕ್ ರಿಲೀಸ್ ಬಿಗಿ ಇದೆಯೇ ನೋಡಿ. ಮುಂದಿನ ಚಕ್ರವನ್ನು ಕಾಲ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ, ಅದೊಂದೇ ತಿರುಗಿದರೆ ಸ್ಟೆಮ್ (ಹ್ಯಾಂಡಲ್ ಹಿಡಿದಿಡುವ ಭಾಗ) ಸಡಿಲ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಆಡಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಅಂದರೆ ಹೆಡ್‌ಸೆಟ್ ಸಡಿಲ. ಎಲ್ಲ ಗೇರೂ ಒಮ್ಮೆ ಹತ್ತಿಸಿ ಇಳಿಸಿ. ಕ್ರ್ಯಾಂಕ್ ಬಿಚ್ಚಿ ಹಾಕಿದ್ದರೆ, ಮನೆಯಲ್ಲೇ ಆಗಲಿ ಅಂಗಡಿಯಲ್ಲೇ ಆಗಲಿ, ಸುಮಾರು 50 ಕಿಲೋಮೀಟರ್ ಓಡಿದ ಮೇಲೆ ಬೋಲ್ಟನ್ನು ಇನ್ನೊಮ್ಮೆ ಬಿಗಿ ನೋಡಿ. ಮೊದಲು ಸಡಿಲವಾಗುವುದು ಹೆಚ್ಚಾಗಿ ಎಡಗಡೆಯದು, ಸಡಿಲ ಬೋಲ್ಟಿನಲ್ಲೇ ತುಳಿಯುತ್ತಾ ಹೋದರೆ ಕ್ರ್ಯಾಂಕಿನ ಚೌಕ ತೂತು ಅಗಲವಾಗಿ ಮತ್ತೆಂದೂ ಬಿಗಿ ನಿಲ್ಲುವುದಿಲ್ಲ.